ಶುಕ್ರವಾರದ ಬಸ್ಸು ಸಂಸತ್ತಿಗೆ ಹೋದದ್ದು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಗಂಟು ಬೀಳುತ್ತಾರೆ, ಕೆಲವರಿಗೆ ಬೀದಿನಾಯಿಗಳು. ನನಗೆ ಗಂಟು ಬೀಳುವುದು ಬಸ್ಸಿನ ತಕರಾರು. ಕುಂದಾಪುರದ ಕಡೆಯ ನಮ್ಮೂರಲ್ಲಿ ಕಂಡಕ್ಟರನೊಂದಿಗೆ ಜಗಳವಾಡಿಕೊಂಡೇ ಕಾಲೇಜು ಮುಗಿಸಿದೆ. ಸ್ವೀಡನ್ನಿಗೆ ಬಂದಮೇಲೆ ಇನ್ನು ಆ ಕಾಟ ತಪ್ಪಿತು ಅಂದುಕೊಂಡಿದ್ದೆ. ತಪ್ಪಲಿಲ್ಲ.

ಉಪ್ಸಾಲಾದಿಂದ ಬಸ್ಸಿನಲ್ಲಿ ಒಂದು ಗಂಟೆ ಉತ್ತರಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ, ಗೋಧಿ ತಳಿಗಳ ಪ್ರಯೋಗ ನಡೆಯುವ ಹೊಲದಲ್ಲಿ ನನಗೆ ಕೆಲಸ. ಹೆಂಡತಿಗೆ ಸ್ಟಾಕ್‌ಹೋಮಿನಿಂದಲೂ ಆಚೆ, ಫ್ಲೆಮಿಂಗ್ಸ್‌ಬೆರ್ಯ್‌ನ ಒಂದು ವೈದ್ಯಕೀಯ ಲ್ಯಾಬಿನಲ್ಲಿ. ವಾರವಿಡೀ ಅವಳು ಅಲ್ಲೊಂದು ಬಾಡಿಗೆ ಕೋಣೆಯಲ್ಲಿ, ನಾನು ಇಲ್ಲಿ. ಶುಕ್ರವಾರ ಸಂಜೆ ರೈಲಿನಲ್ಲಿ ಉಪ್ಸಾಲಾಕ್ಕೆ ಬಂದು, ಅಲ್ಲಿಂದ ಕೊನೆಯ ಬಸ್ಸು ಹಿಡಿದು ಅವಳು ಮನೆಗೆ ಬರಬೇಕು. ನಾನೇ ಕಾರಿನಲ್ಲಿ ಹೋಗಿ ಕರೆತರೋಣವೆಂದರೆ, ತಿರುವಿನಲ್ಲಿ ಹಾರ್ನ್ ಹೊಡೆದೆನೆಂದು ಲೈಸೆನ್ಸಿನ ಪರೀಕ್ಷೆಯಲ್ಲಿ ನನ್ನನ್ನು ಫೇಲು ಮಾಡಿದ್ದರು. ಘಾಟಿ ರಸ್ತೆ ನೋಡಿದವನ ಕೈ ಸುಮ್ಮನಿರುತ್ತದೆಯೇ?

ಹೀಗೆ ನಮ್ಮ ಸಂಸಾರ ಓಡುತ್ತಿದ್ದುದು ಆ ಒಂದು ಬಸ್ಸಿನ ಮೇಲೆ. ಒಂದು ಚಳಿಗಾಲದಲ್ಲಿ, ಶುಕ್ರವಾರ ಸಂಜೆಯ ಬಸ್ಸಿಗೆ ಜನ ಸಾಲದು, ಹೊಸ ವೇಳಾಪಟ್ಟಿಯಿಂದ ಅದು ರದ್ದು ಎಂದು ನಿಲ್ದಾಣದಲ್ಲಿ ಚೀಟಿ ಅಂಟಿಸಿದರು. ಇನ್ನು ಅವಳು ಶನಿವಾರ ಮಧ್ಯಾಹ್ನ ಬಂದು ಸೋಮವಾರ ನಸುಕಿಗೆ ಹೊರಡಬೇಕು. ನನಗೆ ಅಳುವೇ ಬಂತು. ಮುಂದೆ ನಡೆದದ್ದಕ್ಕೆ ಮಾತ್ರ ಊರೆಲ್ಲ ನಕ್ಕಿತು.

ಬಸ್ಸು ತುಂಬಿಸಿದೆವು

ಊರಿನ ಸಂಘದ ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ. ಸಮುದಾಯ ಭವನದಲ್ಲಿ ಸಭೆ ಕರೆದರು. ಕಾಫಿ, ದಾಲ್ಚಿನ್ನಿ ಬನ್ನಿನ ಫೀಕಾ ಮುಗಿದಮೇಲೆ ತೀರ್ಮಾನವಾಯಿತು: ಜನ ಸಾಲದು ಅಂದರೆ ಜನರನ್ನು ತೋರಿಸೋಣ. ಬರುವ ಶುಕ್ರವಾರ ಕೆಲಸವಿರಲಿ ಬಿಡಲಿ, ಎಲ್ಲರೂ ಉಪ್ಸಾಲಾಕ್ಕೆ ಹೋಗಿ ಅದೇ ಬಸ್ಸಿಗೆ ವಾಪಸ್ಸು ಬರುವುದು.

ಹೋದೆವು. ಆದರೆ ಈ ಜನ ಗುರುತಿಲ್ಲದವರ ಪಕ್ಕದಲ್ಲಿ ಕೂರುವುದಿಲ್ಲ, ಗುರುತಿದ್ದವರ ಪಕ್ಕದಲ್ಲಂತೂ ಕೂರುವುದೇ ಇಲ್ಲ. ಇಬ್ಬರ ಸೀಟಿಗೆ ಒಬ್ಬರು, ಪಕ್ಕದಲ್ಲಿ ಅವರ ಚೀಲ. ಬಸ್ಸು ಅರ್ಧವಾಗುವಷ್ಟರಲ್ಲಿ "ತುಂಬಿತು" ಎಂದು ಉಳಿದವರು ಕೆಳಗೇ ನಿಂತರು. ನನಗೆ ತಡೆಯಲಾಗಲಿಲ್ಲ. ನನ್ನ ಸೀಟನ್ನು ಒಬ್ಬ ಅಜ್ಜಿಗೆ ಬಿಟ್ಟುಕೊಟ್ಟು, ಬಾಗಿಲಿನಲ್ಲಿ ನೇತಾಡಿಕೊಂಡು, "ಒಳಗೆ ಹೋಗಿ, ಹಿಂದೆ ಜಾಗ ಇದೆ, ಸ್ವಲ್ಪ ಸರಿಯಿರಿ" ಎಂದು ಕೂಗಿದೆ. ಹಾಗೆ ಕೂಗುವಾಗ ನಮ್ಮೂರ ಬಸ್ಸಿನ ಬೆವರು, ಮೀನಿನ ಬುಟ್ಟಿ, ಸೀಟಿಯ ಸದ್ದು ಎಲ್ಲ ನೆನಪಾಗಿ ಇನ್ನೂ ಜೋರಾಗಿ ಕೂಗಿದೆ. ಚಾಲಕಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಹತ್ತುತ್ತೀಯಾ, ಇಳಿಯುತ್ತೀಯಾ?" ಎಂದಳು. ಕೆಳಗೆ ನಿಂತ ಸಂಘದ ಸದಸ್ಯರು ಟ್ಯಾಕ್ಸಿ ಮಾಡಿಕೊಂಡು ಬಂದರು.

ಕೊನೆಯ ಗಳಿಗೆಯಲ್ಲಿ ರೈಲಿನಿಂದ ಓಡಿಬಂದ ನನ್ನ ಹೆಂಡತಿಗೆ ಸೀಟಿಲ್ಲ. ಚೀಲ ಎತ್ತಿಕೊಳ್ಳಿ ಎಂದು ಯಾರನ್ನಾದರೂ ಕೇಳಬಹುದಿತ್ತು. ಇಷ್ಟು ವರ್ಷ ಇಲ್ಲಿದ್ದು ನಾವೂ ಕೇಳುವ ಧೈರ್ಯ ಕಳೆದುಕೊಂಡಿದ್ದೆವು. ಒಂದು ಗಂಟೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತೆವು. ನನಗೇನೋ ಅದೇ ಇಷ್ಟವಾಯಿತು. ಇಳಿಯುವಾಗ ಅವಳು ಹೇಳಿದಳು: "ಇಷ್ಟು ದಿನ ಖಾಲಿ ಬಸ್ಸಲ್ಲಿ ಕಾಲು ಚಾಚಿ ಬರ್ತಿದ್ದೆ ಮಾರಾಯ್ರೆ. ದಯವಿಟ್ಟು ಈ ಬಸ್ಸು ಉಳಿಸುದನ್ನು ನಿಲ್ಲಿಸಿ."

ರಸ್ತೆ ತಡೆ

"ನಿಮ್ಮ ದೇಶದಲ್ಲಿ ಇಂಥದ್ದಕ್ಕೆ ಏನು ಮಾಡುತ್ತೀರಿ?" ಎಂದು ಮುಂದಿನ ಸಭೆಯಲ್ಲಿ ಅಧ್ಯಕ್ಷೆ ಕೇಳಿದರು. "ರಸ್ತೆ ತಡೆ" ಅಂದೆ. ವಿವರಿಸಿ ಹೇಳಿದೆ. ಎಲ್ಲರ ಮುಖ ಅರಳಿತು. ಇಂಥ ಉಪಾಯ ಇಷ್ಟು ದಿನ ತಮಗೆ ಹೊಳೆಯಲೇ ಇಲ್ಲವಲ್ಲ ಎಂದು ಒಬ್ಬರು ಬೇಸರಪಟ್ಟುಕೊಂಡರು. ಅಧ್ಯಕ್ಷೆ ಮಾರನೆಯ ದಿನವೇ ಪೊಲೀಸರ ಅನುಮತಿ ಕೇಳಿದರು. ಅನುಮತಿಯೂ ಸಿಕ್ಕಿತು, ಒಂದೇ ಷರತ್ತಿನ ಮೇಲೆ: ರಸ್ತೆಗೆ ತಡೆಯಾಗಬಾರದು.

ಹಾಗಾಗಿ ರಸ್ತೆ ಬಿಟ್ಟು, ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತೆವು. ಕೈಯಲ್ಲಿ "ಬಸ್ಸು ಉಳಿಸಿ" ಫಲಕ, ಫ್ಲಾಸ್ಕಿನಲ್ಲಿ ಕಾಫಿ. ನಾನೊಂದು ಘೋಷಣೆ ಹೇಳಿಕೊಟ್ಟೆ. ಕೂಗಿದರು, ಆದರೆ ಪಕ್ಕದ ಮನೆಯಲ್ಲಿ ಮಗು ಮಲಗಿದೆಯೇನೋ ಅನ್ನುವಷ್ಟು ಮೆಲ್ಲಗೆ. ಅಷ್ಟರಲ್ಲಿ ಬಸ್ಸು ಬಂತು. ಇಷ್ಟು ಜನ ನಿಂತದ್ದನ್ನು ಕಂಡು ಚಾಲಕಿ ಖುಷಿಯಿಂದ ಬಾಗಿಲು ತೆರೆದು ಕಾದಳು. ನಮಗೆ ಪ್ರತಿಭಟನೆ ಇತ್ತಲ್ಲ, ಯಾರೂ ಹತ್ತಲಿಲ್ಲ.

ಮರುದಿನ ಅಲ್ಲಿಯ ಪತ್ರಿಕೆಯಲ್ಲಿ ದೊಡ್ಡ ಫೋಟೋ. ಮುಂದೆ "ಬಸ್ಸು ಉಳಿಸಿ" ಎಂದು ಇಡೀ ಊರು ನಿಂತಿದೆ, ಹಿಂದೆ ಬಾಗಿಲು ತೆರೆದ ಬಸ್ಸು ಪೂರ್ತಿ ಖಾಲಿ.

ಶಾಲು ಸನ್ಮಾನ

ಆ ಫೋಟೋ ನೋಡಿ ನಮ್ಮ ಭಾಗದ ಸಂಸದೆ ತಾವೇ ಬರುವುದಾಗಿ ತಿಳಿಸಿದರು. ಸ್ವಾಗತದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಊರಿನಿಂದ ತಂದಿಟ್ಟಿದ್ದ ಗಂಧದ ಹಾರ, ಜರಿ ಶಾಲು, ತಟ್ಟೆಯ ತುಂಬ ಬಾಳೆಹಣ್ಣು ಹಿಡಿದು ನಾನು ರಸ್ತೆಯಲ್ಲಿ ಕಾರುಗಳಿಗಾಗಿ ಕಾದೆ. ಬಂದದ್ದು ಬಸ್ಸು. ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು ಇಳಿದು, "ಸಭೆ ಇಲ್ಲೇ ತಾನೇ?" ಎಂದಳು. "ಹೌದು. ಸ್ವಲ್ಪ ಈ ತಟ್ಟೆ ಹಿಡಿದುಕೊಳ್ಳಿ, ಸಂಸದೆ ಬರುವ ಹೊತ್ತಾಯಿತು" ಎಂದು ತಟ್ಟೆಯನ್ನು ಅವಳ ಕೈಗಿತ್ತೆ. ಪಾಪ, ಹಿಡಿದುಕೊಂಡಳು. ಆ ಚಳಿಯಲ್ಲಿ ಇಬ್ಬರೂ ಬಹಳ ಹೊತ್ತು ರಸ್ತೆ ನೋಡಿದೆವು. ಕೊನೆಗೆ ಅವಳೇ ಮೆಲ್ಲಗೆ, "ನೀನು ಕಾಯುತ್ತಿರುವುದು ನನ್ನನ್ನೇ ಅನ್ನಿಸುತ್ತದೆ" ಎಂದಳು.

ಒಳಗೆ ಶಾಲು ಹೊದಿಸಲು ಹೋದರೆ ಸಂಸದೆ ಗಾಬರಿಯಿಂದ ಹಿಂದೆ ಸರಿದರು. ಅದು ಉಡುಗೊರೆ, ಮುಟ್ಟುವಂತಿಲ್ಲವಂತೆ. ಶಾಲು ಬಿಚ್ಚಿ ಹಿಡಿದುಕೊಂಡು ನಾನು ಪೆಚ್ಚಾಗಿ ನಿಂತಿರಲು ಅಧ್ಯಕ್ಷೆಗೆ ಕನಿಕರ ಹುಟ್ಟಿ, ಅದನ್ನು ನನಗೇ ಹೊದಿಸಿ, ಹಾರವನ್ನೂ ಹಾಕಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಬಸ್ಸು ಯಾಕೆ ಬೇಕೆಂದು ಸಂಸದೆ ಒಬ್ಬೊಬ್ಬರನ್ನೇ ಕೇಳಿದರು. ಬೇರೆಯವರು ಪರಿಸರ, ಗ್ರಾಮೀಣ ಬದುಕು ಎಂದೆಲ್ಲ ಚೆನ್ನಾಗಿ ಮಾತಾಡಿದರು. ನನಗೆ ಬರುತ್ತಿದ್ದುದು ಹರಕು ಸ್ವೀಡಿಷ್. ಕನ್ನಡದಲ್ಲಾದರೆ ಸುತ್ತಿ ಬಳಸಿ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಅಷ್ಟು ಪದ ನನ್ನಲ್ಲಿರಲಿಲ್ಲ, ಇದ್ದದ್ದನ್ನೇ ಹೇಳಿದೆ: "ಸೋಮವಾರ ಹೆಂಡತಿ ಕಾಫಿ ಕುಡಿದು ಹೋಗುತ್ತಾಳೆ. ಆ ಲೋಟ ನಾನು ತೊಳೆಯುವುದಿಲ್ಲ. ಶುಕ್ರವಾರ ತೊಳೆಯುತ್ತೇನೆ. ನಡುವೆ ಮನೆ ತುಂಬಾ ದೊಡ್ಡದು. ಬಸ್ಸಿನ ದೀಪ ಕಾಣುತ್ತದೆ. ಆಮೇಲೆ ಮನೆ ಸರಿಯಾಗುತ್ತದೆ."

ಜರಿ ಶಾಲು ಹೊದ್ದು, ಹಾರ ಹಾಕಿಕೊಂಡು ಅಂಥ ಮಾತಾಡಿದವನನ್ನು ನೋಡಿ ಮದುಮಗ ಅಂದುಕೊಂಡರೋ ಏನೋ. ಸಂಸದೆ ಒಂದು ಬಾಳೆಹಣ್ಣು ತೆಗೆದುಕೊಂಡು ಸುಲಿದರು.

ಇಲಾಖೆಗೆ ಸೇರದ ವಿಷಯ

ಸಂಸತ್ತಿನಲ್ಲಿ ನಮ್ಮ ಬಸ್ಸಿನ ಪ್ರಶ್ನೆ ಬಂದದ್ದು ಒಂದು ಮಂಗಳವಾರ. ಟೀವಿಯಲ್ಲಿ ನೇರಪ್ರಸಾರ. ಸಮುದಾಯ ಭವನದಲ್ಲಿ ಊರೆಲ್ಲ ಸೇರಿದ್ದೆವು. ಅಲ್ಲಿ ಸಂಸತ್ತಿನಲ್ಲಿ ನಮ್ಮ ಸಂಸದೆ, ಮಂತ್ರಿ, ಸಭಾಧ್ಯಕ್ಷರು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಕುರ್ಚಿ. ನಮ್ಮ ಬಸ್ಸಿಗಿಂತ ಅದಕ್ಕೇ ಜನ ಕಡಿಮೆ.

ಸಂಸದೆ ಹಳ್ಳಿಯ ಹೆಸರು ಹೇಳಿದಾಗ ನಾವೆಲ್ಲ ನೆಟ್ಟಗೆ ಕೂತೆವು. "ಆ ಊರಿನಲ್ಲಿ ಭಾರತದಿಂದ ಬಂದ ಒಬ್ಬ ಮನುಷ್ಯನಿದ್ದಾನೆ" ಎಂದರು. ಲೋಟ, ದೊಡ್ಡ ಮನೆ, ಬಸ್ಸಿನ ದೀಪ, ಒಂದನ್ನೂ ಬಿಡಲಿಲ್ಲ. ಊರಿನವರು ಒಟ್ಟಿಗೆ ನನ್ನ ಕಡೆ ತಿರುಗಿ, ಅದು ಸಭ್ಯತೆಯಲ್ಲವೆಂದು ನೆನಪಾಗಿ, ಒಟ್ಟಿಗೇ ಮುಖ ತಿರುಗಿಸಿದರು.

ಮಂತ್ರಿ ಎದ್ದು ಗಂಭೀರವಾಗಿ ಉತ್ತರಿಸಿದರು: "ಆ ಮನುಷ್ಯನ ಹಂಬಲ ನನಗೆ ಅರ್ಥವಾಗುತ್ತದೆ. ಆದರೆ ಬಸ್ಸುಗಳು ಜಿಲ್ಲೆಯ ಆಡಳಿತಕ್ಕೆ ಸೇರಿದವು. ಹಂಬಲ ಯಾವ ಇಲಾಖೆಗೂ ಸೇರಿದ್ದಲ್ಲ."

ಆ ಸಂಜೆ ಹೆಂಡತಿ ಫೋನು ಮಾಡಲಿಲ್ಲ. ಬುಧವಾರ ಮಾಡಿದಳು, ಹಿಮ ಬೀಳುತ್ತಿದೆ ಎಂದಷ್ಟೇ ಹೇಳಿ ಇಟ್ಟಳು. ಸದ್ಯ, ಅವಳಿಗೆ ಗೊತ್ತಾಗಲಿಲ್ಲ ಎಂದು ಉಸಿರು ಬಿಟ್ಟೆ. ಗುರುವಾರ ಜಿಲ್ಲೆಯ ಕಚೇರಿಯಿಂದ ಅಧ್ಯಕ್ಷೆಗೆ ಕರೆ ಬಂತು: ಇನ್ನೊಂದು ಚಳಿಗಾಲದವರೆಗೆ ಶುಕ್ರವಾರದ ಬಸ್ಸು ಓಡುತ್ತದೆ.

ಶುಕ್ರವಾರ ನಿಲ್ದಾಣಕ್ಕೆ ಹೋದರೆ ಅರ್ಧ ಊರು ಅಲ್ಲಿದೆ! ಕಾರಣವಿಲ್ಲದೆ ಹೊರಗೆ ಬರದ ಜನ. ಒಬ್ಬರು ನಾಯಿಯನ್ನು ಸುತ್ತಾಡಿಸುತ್ತಿದ್ದರು, ಇನ್ನೊಬ್ಬರು ವೇಳಾಪಟ್ಟಿ ಓದುತ್ತಿದ್ದರು, ಅಧ್ಯಕ್ಷೆ ಸುಮ್ಮನೆ ಆಕಾಶ ನೋಡುತ್ತಿದ್ದರು. ಬಸ್ಸು ಬಂತು. ಅವಳು ಇಳಿದಳು. ಎಲ್ಲರಿಗೂ ನಮಸ್ಕಾರ ಹೇಳಿ, ಚೀಲವನ್ನು ನನ್ನ ಕೈಗೆ ಕೊಟ್ಟು ಹಿಮದಲ್ಲಿ ನಡೆಯತೊಡಗಿದಳು. ತಿರುವು ದಾಟಿ ಊರವರ ಕಣ್ಣು ತಪ್ಪಿತು.

"ಫೀಕಾ ಹೊತ್ತಿಗೆ ಟೀವಿ ಹಾಕಿದ್ರು," ಎಂದಳು ಆಮೇಲೆ. "ಕಾಫಿ ಕುಡಿತಾ ಇಡೀ ಲ್ಯಾಬು ಕೇಳ್ತು. ಈಗ ಎಲ್ಲರೂ ನನ್ನ ಹತ್ರ ಕೇಳುದು ಒಂದೇ, ನಿನ್ನ ಗಂಡ ಪಾತ್ರೆ ತೊಳೆಯುದೇ ಇಲ್ವಾ ಅಂತ."

ನಾನು ತಲೆ ತಗ್ಗಿಸಿ ನಡೆದೆ. ಅವಳು ನಿಂತಳು. ಕಣ್ಣು ಒದ್ದೆಯಾಗಿತ್ತು.

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಅಂಥ ಒಂದು ಮಾತು ನನ್ನ ಹತ್ರ ಹೇಳ್ಲಿಲ್ಲ ನೀವು. ಮಂತ್ರಿಯ ಎದುರು ಹೇಳಿಸಿದ್ರಲ್ಲ, ಎಂತ ಜನ ಮಾರಾಯ್ರೆ?"

ಹೇಳಬೇಕಾದದ್ದು ಬೇಕಷ್ಟಿತ್ತು. ಕನ್ನಡ ಎದುರಿಗೆ ನಿಂತ ಕೂಡಲೇ ನನ್ನ ನಾಲಿಗೆ ಎಂದಿನಂತೆ ಸುತ್ತುದಾರಿ ಹಿಡಿಯಿತು. "ಎಲ್ಲವೂ ಥ್ರೂ ಪ್ರಾಪರ್ ಚಾನೆಲ್ ಹೋಗಬೇಕಲ್ಲ," ಅಂದೆ.

ಅವಳು ಚಳಿಗೆ ಕೆಂಪಾದ ಕೈಯನ್ನು ನನ್ನ ಕೋಟಿನ ಜೇಬಿನೊಳಗೆ ತೂರಿಸಿ, ನನ್ನ ಬೆರಳು ಹಿಡಿದುಕೊಂಡು ಹೇಳಿದಳು:

"ಹೌದಾ? ಹಾಗಾದ್ರೆ ಉತ್ತರವೂ ಅಲ್ಲಿಂದಲೇ ಬರ್ತದೆ. ಕಾಯ್ತಾ ಇರಿ."