ಹದಿನೆಂಟ ನಲವತ್ತು

ಶಶಿಕುಮಾರನ ಗ್ರಹಚಾರ ಶುರುವಾದದ್ದು ಒಂದು ಅರ್ಧಂಬರ್ಧ ಫೋನಿನಿಂದ. ರವಿವಾರ ಬೆಳಿಗ್ಗೆ ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಗಂಗಪ್ಪನವರು ಫೋನು ಮಾಡಿದರು. ಅವನು ನೋಡಬೇಕಿದ್ದ ಕನ್ಯೆ ಸುಜಾತಾಳ ಅಪ್ಪ ಅವರು. ರೇಲ್ವೆಯಲ್ಲಿ ಸ್ಟೇಷನ್ ಮಾಸ್ತರ.

“ಕನ್ಯಾ ನೋಡಾಕ ಇವತ್ತಽ ಬರ್ರಿ. ಮೊದಲ ನೀವೊಬ್ಬರಽ ಬರ್ರಿ. ಹದಿನೆಂಟ ನಲವತ್ತು. ತಯಾರಾಗಿ ಬರ್ರಿ ಮತ್ತ!” ಎಂದು ಇಟ್ಟೇಬಿಟ್ಟರು.

ಶಶಿಯ ಮುಖದ ನೊರೆ ಅಲ್ಲೇ ಒಣಗಿತು. ಸುಜಾತಾ ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಅಂದರೆ ಇದು ಪರೀಕ್ಷೆ! ೧೮೪೦ನೇ ಇಸವಿ! ಅವಳ ಫೋಟೋ ನೋಡಿದಾಗಿನಿಂದ ಪಾಪ, ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಹುಡುಗಿ ಕೈತಪ್ಪಿದರೆ ಬೇರೆ ಕನ್ಯೆ ನೋಡುವುದೇ ಇಲ್ಲ ಎಂದು ಶಪಥ ಮಾಡಿ ಕೂತಿದ್ದ.

ಸುದ್ದಿ ಗೋಡೆ ಹಾರಿತು. ಬಾಜೂ ಮನೆಯ ಮುರಿಗೆವ್ವ ಚಹಾ ಹಿಡಿದು ಬಂದಳು. ಎದುರು ಮನೆಯ ಆಟೋ ಇಕ್ಬಾಲ ಮೊಬೈಲ್ ಹಿಡಿದು ಬಂದು, ಅದರಲ್ಲಿ ೧೮೪೦ರ ಇತಿಹಾಸ ಹುಡುಕಿ ಶಶಿಗೆ ಓದಿಸಿದ.

“ಟೈಮ್ ಏನ್ ಹೇಳಿಲ್ಲಲ್ಲ? ಪೂರಾ ಬಾಯಿಪಾಠ ಆದ ಮ್ಯಾಲೆ ಹೋಗೂಣು,” ಎಂದ ಇಕ್ಬಾಲ. “ಹೇಳಲೇ ಶಶಿ, ಆ ವರ್ಷ ಏನೇನಾತು?”

“ಇಂಗ್ಲೆಂಡಿನ ರಾಣಿ ಮದುವಿ ಆತು. ಜಗತ್ತಿನಾಗ ಮೊದಲನೇ ಅಂಚೆ ಚೀಟಿ ಬಂತು. ಅಫೀಮಿನ ಸಲುವಾಗಿ ಚೀನಾದ ಮ್ಯಾಲೆ ಇಂಗ್ಲಿಷರ ದಂಡು ಹೋತು. ಎಂದೋ ಸತ್ತಿದ್ದ ನೆಪೋಲಿಯನ್ನನ ಹೆಣಾ ತಗದು ಪ್ಯಾರಿಸ್ಸಿನಾಗ ಮೆರವಣಿಗಿ ಮಾಡಿದ್ರು.”

“ಥೂ!” ಮುರಿಗೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಕನ್ಯಾ ನೋಡಾಕ ಹೋಗಿ ಹೆಣದ ಸುದ್ದಿ ಹೇಳತೀಯೇನೋ? ಅಫೀಮೂ ಬ್ಯಾಡ. ಹುಡುಗ ನಶಾ ಮಾಡತಾನ ಅಂತಾರ.”

“ಯುದ್ಧ ಬಿಟ್ರ ಮಾರ್ಕ್ಸ್ ಎಲ್ಲಿಂದ ಬರತಾವ ಕಾಕೂ?” ಎಂದು ಇಕ್ಬಾಲ ಜಗಳಕ್ಕೇ ನಿಂತ.

ಇಬ್ಬರ ನಡುವೆ ಸಿಕ್ಕ ಶಶಿ ರಾಣಿಯನ್ನು ಚೀನಾಕ್ಕೆ ಕಳಿಸಿ, ಅಂಚೆ ಚೀಟಿಯನ್ನು ನೆಪೋಲಿಯನ್ನನ ಹಣೆಗೆ ಹಚ್ಚುವ ಸ್ಥಿತಿಗೆ ಬಂದ. ಮಧ್ಯಾಹ್ನದ ರೊಟ್ಟಿ ಹಾಗೇ ಉಳಿಯಿತು. ಕತ್ತಲಾಗುವ ಹೊತ್ತಿಗೆ ಮತ್ತೆ ಫೋನು.

“ಎಲ್ಲಿದ್ದೀರಿ?” ಗಂಗಪ್ಪನವರು ಗುಡುಗಿದರು.

“ಹದಿನೆಂಟ ನಲವತ್ತರಾಗ ಇದ್ದೇನ್ರಿ!”

“ಅದು ಯಾವಾಗೋ ಹೋತು. ಈಗ ಹತ್ತೊಂಬತ್ತ ಹತ್ತು!”

ಶಶಿ ಇಕ್ಬಾಲನ ಮೊಬೈಲಿಗೆ ಕೈ ಚಾಚಿದ. “ಅದನ್ನ ಓದಿಲ್ರಿ! ಒಮ್ಮೆಲೇ ಎಪ್ಪತ್ತ ವರ್ಷ ಹಾರಿದ್ರ ಹೆಂಗ್ರಿ?”

“ಏನ್ ಮಾತಾಡಾಕತ್ತೀರಿ? ಇಪ್ಪತ್ತ ಮೂವತ್ತಕ್ಕ ನಾ ಡ್ಯೂಟಿಗೆ ಹೋಗಾಂವ. ಅಷ್ಟರಾಗ ಬಂದ್ರ ಬಂದ್ರಿ!”

ಫೋನು ಕಟ್ಟಾಯಿತು. ಶಶಿ ಅಳುವುದೊಂದೇ ಬಾಕಿ. “ಇಕ್ಬಾಲ, ಎರಡ ಸಾವಿರದಾ ಮೂವತ್ತರ ತನಕಾ ಇವರು ಡ್ಯೂಟಿಗೇ ಹೋಗೂದಿಲ್ಲಂತೋ!”

ದಿನಾ ಸ್ಟೇಷನ್ ಮುಂದೆ ಆಟೋ ನಿಲ್ಲಿಸುವ ಇಕ್ಬಾಲ ಹಣೆ ಹಣೆ ಬಡಿದುಕೊಂಡ. “ಲೇ ಹುಚ್ಚಾ, ಅದು ವರ್ಷ ಅಲ್ಲಲೇ, ರೇಲ್ವೆ ಟೈಮು! ಹದಿನೆಂಟ ನಲವತ್ತಂದ್ರ ಸಂಜೀ ಆರ ನಲವತ್ತು! ಆಟೋ ಹತ್ತ ಲಗೂ!”

ಅಮರಗೋಳದ ಲಾರಿಗಳ ಸಂದಿಯಲ್ಲಿ ನುಸುಳುತ್ತ ಆಟೋ ಧಾರವಾಡಕ್ಕೆ ಓಡಿತು. ಪರೀಕ್ಷೆಯೇ ಇಲ್ಲವೆಂದು ಗೊತ್ತಾದ ಶಶಿಗೆ ಖುಷಿಯೋ ಖುಷಿ. ಓದಿದ್ದನ್ನೆಲ್ಲ ತಲೆಯಿಂದ ಕೊಡವಿ ದಾರಿಯಲ್ಲೇ ಚೆಲ್ಲಿದ.

ಗಂಗಪ್ಪನವರು ಯೂನಿಫಾರ್ಮ್ ಹಾಕಿಕೊಂಡು ಹೊರಬೀಳುತ್ತಿದ್ದರು. ಮೆಟ್ಟಿಲ ಮೇಲೇ ಇವನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸುಜಾತಾ, ಬಾರವಾ ಇಲ್ಲೆ! ನಿನ್ನ ಸಲುವಾಗಿ ಒಂದ ಇಡೀ ವರ್ಷ ಓದ್ಯಾರಂತ ನೋಡು!” ಎಂದು ಒಳಗಿದ್ದ ಮಗಳಿಗೂ ಎಲ್ಲ ಕೂಗಿ ಹೇಳಿ ಡ್ಯೂಟಿಗೆ ನಡೆದರು.

ಸುಜಾತಾ ಬಾಗಿಲಿಗೆ ಬಂದಳು. ಫೋಟೋಕ್ಕಿಂತ ಛಲೋ ಇದ್ದಳು.

“ಖರೇನಽ ಓದೀರಿ? ಹಂಗಾರ ಹೇಳ್ರಿ, ಹದಿನೆಂಟ ನಲವತ್ತರಾಗ ಏನಾತು?”

ಶಶಿ ತಲೆ ಕೆರೆದುಕೊಂಡ. ಒಳಗೆ ಏನೂ ಉಳಿದಿರಲಿಲ್ಲ. “ರಾಣಿ... ರಾಣಿ ಮದುವಿ ಆತ್ರಿ.”

“ಬರೋಬ್ಬರಿ. ವರಾ ಯಾರು?”

ಅವಳ ಮುಖವನ್ನೇ ನೋಡುತ್ತಿದ್ದ ಶಶಿಯ ಬಾಯಿ ತಾನಾಗಿಯೇ ತೆರೆಯಿತು.

“ನಾನಽ ರೀ.”

“ತಪ್ಪು,” ಎಂದು ಸುಜಾತಾ ಬಾಗಿಲು ಹಾಕಿಕೊಂಡಳು.