ಎಡಗಡೆ ಕುಂಬಳಕಾಯಿ ಹೊತ್ತ ಆಕ್ಸಲ್ ಮಹಾಶಯರಿಗೆ

ಶ್ರೀಮಾನ್ ಮುಂದಿನ ಆಕ್ಸಲ್ ಅವರಿಗೆ,
ಎರಡು ಮರದ ದಿಮ್ಮಿಗಳ ಮೇಲೆ, ನೀಲಿ ಟಾರ್ಪಾಲಿನ ಕೆಳಗೆ,
ಮೇವಿಸ್ ಟಾಲಿವರ್ ಅವರ ಶೆಡ್ಡು, ಹಾಚ್‌ಕಿಸ್, ಕೊಲರಾಡೊ.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಪ್ರತಿ ಭಾನುವಾರ ಕಣ್ಣಾರೆ ಕಾಣುತ್ತಿದ್ದೇನಾದರೂ, ದೊಡ್ಡವರಿಗೆ ಬರೆಯುವಾಗ ಕುಶಲ ಕೇಳದೆ ವಿಷಯಕ್ಕೆ ಬರುವುದು ಮರ್ಯಾದೆಯಲ್ಲವಾದ್ದರಿಂದ, ತಮ್ಮ ಎಣ್ಣೆ ಸೋರುವುದು ನಿಂತಿತೇ, ತುಕ್ಕು ಇನ್ನೆಷ್ಟು ಹಬ್ಬಿದೆ, ತಮ್ಮೊಳಗೆ ಸಂಸಾರ ಹೂಡಿರುವ ಇಲಿಗಳು ಸೌಖ್ಯವೇ ಎಂದು ಮೊದಲಿಗೆ ವಿಚಾರಿಸಿಕೊಳ್ಳುತ್ತೇನೆ. ನಾನು ನಡೀನ್ ಟಾಲಿವರ್, ವಯಸ್ಸು ಐವತ್ತೇಳು, ಇಪ್ಪತ್ತಾರು ವರ್ಷಗಳಿಂದ ಶಾಲಾ ಬಸ್ಸುಗಳ ಮೆಕ್ಯಾನಿಕ್; ನಾಲ್ಕು ಗುಜರಿ ಅಂಗಡಿಗಳ ಆಕ್ಸಲ್ಲುಗಳನ್ನೆಲ್ಲ ಜಾಲಾಡಿ ತಮ್ಮನ್ನೇ ಆರಿಸಿ ತಂದ ಪುಣ್ಯಾತ್ಗಿತ್ತಿ ನಾನೇ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಬಂಡೆ ಹತ್ತುವ ಗಾಡಿಗಳ ಸಂಘದ ಬೋರ್ಡಿಗೂ ಅಂಟಿಸುತ್ತಿದ್ದೇನೆ, ಏಕೆಂದರೆ ನನ್ನ ಕಥೆ ಅಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಿದೆ, ನನ್ನ ಬಾಯಿಂದ ಮಾತ್ರ ಯಾರೂ ಕೇಳಿಲ್ಲ.

ವಿಷಯ ಶುರುವಾದದ್ದು ಮಾರ್ಚ್ ತಿಂಗಳಲ್ಲಿ, ನನ್ನ ತಾಯಿ ಮೇವಿಸ್ ಅವರ ಎಂಬತ್ತಮೂರನೆಯ ಹುಟ್ಟುಹಬ್ಬದ ದಿನ. ಅಮ್ಮ ಹುಟ್ಟಿದ್ದು ಬೆಟ್ಟದ ಮೇಲಿನ ಬೆಳ್ಳಿ ಗಣಿಯ ಕ್ಯಾಂಪಿನಲ್ಲಿ. ಗಣಿ ಮುಚ್ಚಿ ಎಪ್ಪತ್ತೈದು ವರ್ಷವಾಯಿತು, ಈಗ ಅಲ್ಲಿ ಕಲ್ಲಿನ ತಳಪಾಯ ಬಿಟ್ಟು ಏನೂ ಇಲ್ಲ. ಕೇಕು ಕತ್ತರಿಸಿದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಈ ಸಲ ಹಿಮ ಬೀಳೋದ್ರೊಳಗೆ ನನ್ನ ಒಂದ್ಸಲ ಕ್ಯಾಂಪಿಗೆ ಕರ್ಕೊಂಡ್ ಹೋಗೇ, ಇನ್ನೊಂದು ವರ್ಷಕ್ಕೆ ಈ ಮಂಡಿ ಮಾತು ಕೇಳಲ್ಲ." ಆ ದಾರಿಯಲ್ಲಿ ಒಂಬತ್ತು ಮೈಲಿ ಯಾವ ಗಾಡಿಯಾದರೂ ಹೋಗುತ್ತದೆ, ಆಮೇಲೆ ಅತ್ತೆಯ ಮೆಟ್ಟಿಲು ಎಂದು ನಾವು ಕರೆಯುವ ನಾಲ್ಕಡಿ ಎತ್ತರದ ಬಂಡೆ ಅಡ್ಡ ಬರುತ್ತದೆ, ಅದಕ್ಕಿದ್ದ ಮಣ್ಣಿನ ಏರನ್ನು ಎರಡು ವರ್ಷದ ಹಿಂದೆ ಪ್ರವಾಹ ತೊಳೆದುಕೊಂಡು ಹೋಗಿದೆ. ಬಂಡೆ ದಾಟಿದರೆ ಕ್ಯಾಂಪು ಅರ್ಧ ಮೈಲಿ.

ಬೇರೆ ಊರಿನವರಾಗಿದ್ದರೆ ಇದಕ್ಕೆ ಏನು ಉಪಾಯ ಹುಡುಕುತ್ತಿದ್ದರೋ ನನಗೆ ತಿಳಿಯದು. ನಮ್ಮ ಸಂಘದಲ್ಲಿ ಬಂಡೆ ಅಡ್ಡ ಬಂದರೂ, ಹೆಂಡತಿ ಮುನಿಸಿಕೊಂಡರೂ, ಬೆನ್ನು ಹಿಡಿದುಕೊಂಡರೂ ಔಷಧ ಒಂದೇ, ಗಾಡಿಯ ಮುಂಭಾಗವನ್ನು ಕೊಯ್ದು ಎಸೆದು ಅಲ್ಲಿಗೊಂದು ಇಡಿಯ ಆಕ್ಸಲ್ ಕೂರಿಸುವುದು. ನನ್ನ ಪಿಕಪ್ಪಿನ ಮುಂದಿನ ಎರಡು ಚಕ್ರಗಳು ಕಾರ್ಖಾನೆಯಿಂದ ಬರುವಾಗಲೇ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ ತಮ್ಮ ಪಾಡಿಗೆ ತಾವು ಮೇಲೆ ಕೆಳಗೆ ಆಡುವಂಥವು. ಟಾರು ರಸ್ತೆಗೆ ಸುಖ, ಬಂಡೆಗೆ ದಂಡ. ಅವೆರಡನ್ನೂ ಒಂದೇ ಕಬ್ಬಿಣದ ತೊಲೆಗೆ ಕಟ್ಟಿದರೆ ಒಂದು ಬಂಡೆಯ ಮೇಲೇರಿದಾಗ ಇನ್ನೊಂದು ನೆಲವನ್ನು ಒತ್ತಿ ಹಿಡಿಯುತ್ತದೆ ಎಂದು ನಾನು ಕೇಕಿನ ತಟ್ಟೆ ಕೆಳಗಿಟ್ಟು, ಟಾರ್ಚು ಹಿಡಿದು, ಅಮ್ಮ ನೋಡುತ್ತಿದ್ದಂತೆಯೇ ಗಾಡಿಯ ಅಡಿಗೆ ನುಗ್ಗಿದೆ. ನಾನಿರುವ ಟ್ರೇಲರ್ ಮನೆಗಳ ಸಾಲಿನಲ್ಲಿ ಚಕ್ರ ಬಿಚ್ಚಿದ ಗಾಡಿ ನಿಲ್ಲಿಸಲು ಮ್ಯಾನೇಜರು ಒಪ್ಪದ ಕಾರಣ, ಕೆಲಸವೆಲ್ಲ ಅಮ್ಮನ ಶೆಡ್ಡಿನಲ್ಲೇ ಎಂದು ತೀರ್ಮಾನವಾಯಿತು. ಹದಿನಾಲ್ಕು ಮೈಲಿ ದೂರದಲ್ಲಿದ್ದೂ ಅಲ್ಲಿಯವರೆಗೆ ನಾನು ಅಮ್ಮನ ಮನೆಗೆ ಹೋಗುತ್ತಿದ್ದದ್ದು ವರ್ಷಕ್ಕೆ ಎರಡು ಬಾರಿ, ಹುಟ್ಟುಹಬ್ಬಕ್ಕೊಮ್ಮೆ, ನವೆಂಬರಿನ ಟರ್ಕಿ ಕೋಳಿಯ ಹಬ್ಬಕ್ಕೊಮ್ಮೆ.

ಮಗಳಿಗೆ ಗಂಡು ನೋಡುವವರೂ ನಾನು ವಿಚಾರಿಸಿದಷ್ಟು ವಿಚಾರಿಸಿರಲಾರರು, ಮಾನ್ಯರೇ. ಅಗಲ ಹೆಚ್ಚಾದರೆ ಚಕ್ರಗಳು ಮಡ್‌ಗಾರ್ಡಿನ ಹೊರಗೆ ಚಾಚುತ್ತವೆ, ಕಡಿಮೆಯಾದರೆ ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಚಕ್ರದ ಬೋಲ್ಟುಗಳು ಹಿಂದೆ ಆರಿದ್ದರೆ ಮುಂದೆಯೂ ಆರಿರಬೇಕು. ಒಳಗಿನ ಹಲ್ಲುಗಳ ಲೆಕ್ಕ ಹಿಂದಿನ ಆಕ್ಸಲ್ಲಿಗೆ ತಾಳೆಯಾಗದಿದ್ದರೆ ಎರಡೂ ಕಿತ್ತಾಡಿ ಗೇರುಪೆಟ್ಟಿಗೆಯನ್ನೇ ಒಡೆಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಹಲ್ಲುಚಕ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ ಗುಂಡು ಪೆಟ್ಟಿಗೆ, ನಮ್ಮ ಕಸುಬಿನಲ್ಲಿ ಕುಂಬಳಕಾಯಿ ಎನ್ನುವುದು, ಸರಿಯಾದ ಬದಿಯಲ್ಲಿರಬೇಕು. ನನ್ನ ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟು ಹಾಯುವುದು ಬಲಗಡೆ, ಆದ್ದರಿಂದ ಕುಂಬಳಕಾಯಿಯೂ ಬಲಗಡೆಯೇ. ಏಪ್ರಿಲ್ಲಿನಿಂದ ಚೆರಿ ಹಣ್ಣಾಗುವವರೆಗೆ ಶನಿವಾರಗಳನ್ನು ಗುಜರಿಗಳಲ್ಲಿ ಸವೆಸಿ, ಭಾನುವಾರ ಬಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಅವರು ಚೆರಿಯ ಬೀಜ ಬಿಡಿಸುತ್ತಾ, ಒಂದು ಆಕ್ಸಲ್ ತೀರಾ ಅಗಲವೆಂದೂ ಇನ್ನೊಂದು ಬಾಗಿದೆಯೆಂದೂ ನಾನು ಹೇಳಿದ್ದನ್ನೆಲ್ಲ ಕೇಳಿ, ಅವಸರವೇನು, ಒಳ್ಳೆಯದು ಸಿಗುವವರೆಗೆ ನೋಡು ಎನ್ನುತ್ತಿದ್ದರು. ನನ್ನ ತಾಯಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕೊನೆಗೆ ಗ್ರ್ಯಾಂಡ್ ಜಂಕ್ಷನ್ನಿನ ಹೊರಗೆ ಲೈಲ್ ಹಾಬ್ಸ್ ಎಂಬಾತನ ಗುಜರಿಯಲ್ಲಿ ತಮ್ಮ ದರ್ಶನವಾಯಿತು. ತಮ್ಮ ಹಳೆಯ ಗಾಡಿ ಎಲ್ಲಿಂದಲೋ ಉರುಳಿ ಬಂದು, ಕ್ಯಾಬಿನ್ ಅಪ್ಪಚ್ಚಿಯಾಗಿ, ಅಂಗಾತ ಮಲಗಿತ್ತು. ತಾವು ಮಾತ್ರ ಆಕಾಶಕ್ಕೆ ಮೈಯೊಡ್ಡಿ, ಬಿಸಿಲಲ್ಲಿ ಹೊಳೆಯುತ್ತಾ, ಕೆಸರಿನಲ್ಲಿ ತೆವಳಿ ಅಳೆಯುವ ಕಷ್ಟವನ್ನೇ ನನಗೆ ಕೊಡದೆ ಸೊಂಟದ ಮಟ್ಟಕ್ಕೆ ಒದಗಿದಿರಿ. ಇಂಥ ಉಪಕಾರವನ್ನು ಯಾವ ಆಕ್ಸಲ್ಲೂ ನನಗೆ ಮಾಡಿರಲಿಲ್ಲ. ನಾನು ಗಾಡಿಯ ಹಿಂದೆ ನಿಂತು, ಮುಂದಕ್ಕೆ ಮುಖ ಮಾಡಿ, ಶಾಸ್ತ್ರೋಕ್ತವಾಗಿ ಅಳೆದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ನಾನು ಮುಚ್ಚಳ ಬಿಚ್ಚಿ ಎರಡು ಸಲ ಎಣಿಸಿದೆ, ನಲವತ್ತೊಂದಕ್ಕೆ ಹತ್ತು, ನನ್ನ ಹಿಂದಿನ ಆಕ್ಸಲ್ಲಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ: ಕುಂಬಳಕಾಯಿ ಬಲಗಡೆ. ಲೈಲ್ ಸೂರ್ಯಕಾಂತಿ ಬೀಜ ಕಡಿಯುತ್ತಾ ಪಕ್ಕದಲ್ಲೇ ನಿಂತಿದ್ದ.

ತಾವು ಮನೆಗೆ ಬರುವಷ್ಟರಲ್ಲಿ, ಶುಭಕಾರ್ಯಕ್ಕೆ ತಡವಾಗಬಾರದೆಂದು ನಾನು ಗ್ಯಾಸ್ ಕಟ್ಟರಿನಿಂದ ನನ್ನ ಗಾಡಿಯ ಮುಂಭಾಗವನ್ನೆಲ್ಲ ಕೊಯ್ದು ಹಾಕಿ, ಮತ್ತೆ ಜೋಡಿಸುವ ಯೋಚನೆ ಸಹ ಬಾರದ ಹಾಗೆ ಉಜ್ಜಿ ನುಣುಪು ಮಾಡಿದ್ದೆ. ಸಂಘದ ಅಧ್ಯಕ್ಷ ಕ್ಲೈಡ್ ಬೀಸ್ಲಿಯೂ ನಾನೂ ತಮ್ಮನ್ನು ಗಾಡಿಯ ಕೆಳಗೆ ಜರುಗಿಸಿ ನೋಡಿದರೆ, ಶಾಫ್ಟು ಬಲಗಡೆ ಕಾಯುತ್ತಿದೆ, ತಮ್ಮ ಕುಂಬಳಕಾಯಿ ಎಡಗಡೆ ಕೂತಿದೆ. ಕ್ಲೈಡ್ ಗಾಡಿಗೆ ಮೂರು ಪ್ರದಕ್ಷಿಣೆ ಹಾಕಿ ಟೋಪಿ ತೆಗೆದ. ನಾನು ಪುಸ್ತಕ ತೆರೆದು ಓದಿದೆ, ಬಲಗಡೆ ಎಂದೇ ಇತ್ತು. ಆಗ ತಮ್ಮನ್ನು ಗುಜರಿಯಲ್ಲಿ ಕಂಡೇ ಇರದ ನನ್ನ ತಾಯಿ, ಕುರ್ಚಿಯಿಂದ ಏಳದೆಯೇ ಕೇಳಿದರು: "ಆ ಗಾಡಿ ತಲೆಕೆಳಗಾಗಿ ಬಿದ್ದಿತ್ತು ಅಂದಿದ್ದೆ ಅಲ್ವೇನೇ?"

ಇಪ್ಪತ್ತಾರು ವರ್ಷ ಈ ಕಸುಬು ಮಾಡಿದವಳಿಗೆ, ಅಂಗಾತ ಬಿದ್ದವನ ಎಡಗೈ ಬಲಕ್ಕಿರುತ್ತದೆ ಎಂಬುದು ಹೊಳೆಯಲಿಲ್ಲವಲ್ಲ, ಎಂಥ ನಾಚಿಕೆಗೇಡು ಮಾನ್ಯರೇ. ಲೈಲ್‌ಗೆ ಫೋನು ಮಾಡಿದರೆ, ಅಷ್ಟು ಶ್ರದ್ಧೆಯಿಂದ ಅಳೆಯುವವರ ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಸುಮ್ಮನಿದ್ದೆನೆಂದೂ, ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲವೆಂದೂ ಬಹಳ ವಿನಯದಿಂದ ಹೇಳಿದ.

ವಿನಾಶಕಾಲಕ್ಕೆ ವಿಪರೀತ ಬುದ್ಧಿ. ಆಕ್ಸಲ್ಲನ್ನೇ ಮಗುಚಿ ಹಾಕಿದರೆ ಕುಂಬಳಕಾಯಿ ತಾನಾಗಿ ಬಲಕ್ಕೆ ಬರುತ್ತದಲ್ಲ ಎಂಬ ಸಲಹೆ ಆ ಶೆಡ್ಡಿನಲ್ಲಿ ಹುಟ್ಟಿತು. ಅದು ಕೂಡದೆಂದು ನನಗೆ ಗೊತ್ತಿತ್ತು, ಆದರೆ ಅಷ್ಟು ಹೊತ್ತಿಗೆ ಆಗಸ್ಟ್ ಬಂದು ಅಮ್ಮ ಪೀಚ್ ಹಣ್ಣನ್ನು ಬಾಟಲಿಗೆ ತುಂಬಿಸುತ್ತಿದ್ದರು, ನನ್ನ ಬುದ್ಧಿ ಗೊತ್ತಿದ್ದದ್ದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ, ತಮ್ಮನ್ನು ಬೋರಲು ಹಾಕಿ ಸರಪಳಿಯಲ್ಲಿ ಬಿಗಿದು, ಶಾಫ್ಟು ಜೋಡಿಸಿ, ಎಂಜಿನ್ ಚಾಲೂ ಮಾಡಿ ಮೊದಲನೆಯ ಗೇರು ಹಾಕಿದೆವು. ಹಿಂದಿನ ಚಕ್ರಗಳು ಮುಂದಕ್ಕೆ ತಿರುಗಿದವು. ಮುಂದಿನ ಚಕ್ರಗಳು, ಅಷ್ಟೇ ನಿಷ್ಠೆಯಿಂದ, ಹಿಂದಕ್ಕೆ ತಿರುಗಿದವು. ತಮ್ಮ ಉಸಿರುಗೊಳವೆಯಿಂದ ಎಣ್ಣೆ ಕ್ಲೈಡ್‌ನ ಕತ್ತಿನೊಳಕ್ಕೆ ಧಾರೆಯಾಗಿ ಇಳಿಯಿತು. ಹಿಂದಿನ ಎರಡು ಕ್ಯಾಂಪಿಗೆ ಹೊರಟಿವೆ, ಮುಂದಿನ ಎರಡು ಊಟಕ್ಕೆ ಮನೆಗೆ ಬರ್ತಿವೆ ಎಂದು ಅಮ್ಮ ಪೀಚ್ ಸುಲಿಯುವುದನ್ನು ನಿಲ್ಲಿಸದೆಯೇ ಹೇಳಿದರು. ಮುಂದಿನ ಸಭೆಯಲ್ಲಿ ನಾನು ಯಾರ ಹೆಸರನ್ನೂ ಎತ್ತದೆ, ಇಂಥ ಸಲಹೆ ಯಾವ ಪುಣ್ಯಾತ್ಮನದೋ ಎಂದಷ್ಟೇ ಅಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಕ್ಲೈಡ್ ಅಲ್ಲಿಂದ ಇಲ್ಲಿಯವರೆಗೆ ಅದು ತನ್ನದಲ್ಲವೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ.

ಆದ್ದರಿಂದ ತಮ್ಮ ಸನ್ನಿಧಿಯಲ್ಲಿ ನನ್ನ ಕೆಲವು ಕೋರಿಕೆಗಳು. ಎಡದಲ್ಲಿ ಅರ್ಧ ಶತಮಾನ ಸೇವೆ ಸಲ್ಲಿಸಿರುವ ತಾವು ಒಂದು ಬದಲಾವಣೆಗಾಗಿಯಾದರೂ ಬಲಕ್ಕೆ ಸರಿಯಬಹುದೇ. ದಿನಕ್ಕೆ ಒಂದು ಅಂಗುಲದಂತೆ ಜರುಗಿದರೂ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಮ್ಮ ಜಿಲ್ಲೆಯಲ್ಲಿ ಎಡಕ್ಕೆ ಬಲವೆಂದೂ ಬಲಕ್ಕೆ ಎಡವೆಂದೂ ಕರೆಯುವಂತೆ ಆಡಳಿತಕ್ಕೆ ತಾವೇ ಒಂದು ಮಾತು ಹೇಳಬಹುದೇ. ಅದೂ ಆಗದಿದ್ದರೆ ಅತ್ತೆಯ ಮೆಟ್ಟಿಲಿಗೆ ಒಂದು ದಿನ ರಜೆ ಕೊಡಿಸಿ. ತಮ್ಮಷ್ಟು ಗಟ್ಟಿಮುಟ್ಟಾದ, ಅಗಲದಲ್ಲಿ, ಬೋಲ್ಟಿನಲ್ಲಿ, ಹಲ್ಲಿನಲ್ಲಿ ನಿಷ್ಕಳಂಕವಾದ ಆಕ್ಸಲ್ ಈ ಕಣಿವೆಯಲ್ಲೇ ಇಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡುತ್ತೇನೆ. ತಮ್ಮಲ್ಲಿರುವುದು ಒಂದೇ ಐಬು, ಅದರಿಂದ ಉಳಿದ ಗುಣವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿದೆ.

ಸೆಪ್ಟೆಂಬರ್ ಬಂತು, ಸೇಬು ಕೆಂಪಾಯಿತು, ಮೇಲಿನ ಬೆಟ್ಟದಲ್ಲಿ ಆಸ್ಪೆನ್ ಮರಗಳು ಹಳದಿಯಾದವು. ಹತ್ತು ದಿನದಲ್ಲಿ ಹಿಮ ಎಂದು ರೇಡಿಯೊ ಹೇಳಿತು. ಅಮ್ಮ ಕ್ಯಾಂಪಿನ ಮಾತನ್ನೇ ಬಿಟ್ಟುಬಿಟ್ಟರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಸುಮ್ಮನಿದ್ದದ್ದನ್ನು ತಡೆಯಲಾಗಲಿಲ್ಲ. ಎಂಬತ್ತಮೂರರ ಮುದುಕಿ ಬಾಯಿಬಿಟ್ಟು ಕೇಳಿದ ಒಂದು ಆಸೆಯನ್ನು ಮಣ್ಣುಪಾಲು ಮಾಡಿದೆನಲ್ಲ ಎಂದು ಗಾಡಿಯ ಅಡಿಯಲ್ಲಿ ಮಲಗಿ ಅತ್ತೆ. ಅಲ್ಲಿ ತಾವೊಬ್ಬರೇ ಇದ್ದಿರಿ, ಆದ್ದರಿಂದ ಮುಚ್ಚಿಡುವುದಿಲ್ಲ.

ಅದರ ಮರುವಾರ ಹೋದಾಗ ಅಂಗಳದಲ್ಲಿ ಕ್ಲೈಡ್‌ನ ಹೆಂಡತಿ ದಿನಸಿ ತರುವ ಮಾಮೂಲಿ ಕಾರು ನಿಂತಿತ್ತು. ಅಮ್ಮ ಬೂಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಕಾರಿನ ನೆತ್ತಿಯ ಮೇಲೆ, ಹಗ್ಗದಿಂದ ಕಟ್ಟಿ, ತೋಟದಲ್ಲಿ ಹಣ್ಣು ಕೀಳುವ ಮೂರು ಕಾಲಿನ ಏಣಿ ಇತ್ತು. ನಾನು ಕಾರು ನಡೆಸಿದೆ. ಒಂಬತ್ತು ಮೈಲಿ ಹೋಗಿ, ಅತ್ತೆಯ ಮೆಟ್ಟಿಲಿಗೆ ಏಣಿ ಒರಗಿಸಿ, ನಾನು ಕೆಳಗೆ ಹಿಡಿದುಕೊಂಡೆ. ನಲವತ್ತು ವರ್ಷ ಪೀಚ್ ಮರಗಳನ್ನು ಹತ್ತಿ ಇಳಿದ ನನ್ನ ತಾಯಿ ನಾಲ್ಕು ಮೆಟ್ಟಿಲು ಹತ್ತಿ ಬಂಡೆಯ ಮೇಲೆ ನಿಂತು, ಬೇಗ ಬಾ ಎಂದರು. ಏಳು ತಿಂಗಳು, ಮಾನ್ಯರೇ. ನಾಲ್ಕು ಮೆಟ್ಟಿಲು.

ಕ್ಯಾಂಪಿನಲ್ಲಿ ಅವರ ಮನೆಯ ಹೊಸ್ತಿಲು ಕಲ್ಲು ಹಾಗೆಯೇ ಇದೆ. ಅಜ್ಜಿ ಹಿತ್ತಲಲ್ಲಿ ನೆಟ್ಟಿದ್ದ ರುಬಾರ್ಬ್ ಗಿಡ, ಅದರ ಹುಳಿ ದಂಟಿನಿಂದ ಅಮ್ಮ ಇಂದಿಗೂ ಕಡುಬು ಮಾಡುತ್ತಾರೆ, ಯಾರೂ ನೀರೆರೆಯದಿದ್ದರೂ ಬದುಕಿದೆ. ಇಬ್ಬರೂ ಹೊಸ್ತಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿಂದೆವು. ಈ ಏಣಿಯ ಉಪಾಯ ಯಾವಾಗ ಹೊಳೆಯಿತೆಂದು ನಾನು ಕೇಳಿದೆ. ನೀನು ಟಾರ್ಚು ಹಿಡಿದು ಗಾಡಿಯ ಕೆಳಗೆ ನುಗ್ಗಿದ ದಿನವೇ ಎಂದರು. ಮತ್ತೆ ಬಾಯಿ ಬಿಡಲಿಲ್ಲ ಯಾಕೆ ಎಂದದ್ದಕ್ಕೆ ಅವರು ಮಡಿಲಿಂದ ಬ್ರೆಡ್ಡಿನ ಚೂರು ಕೊಡವಿಕೊಂಡರು.

"ಹೇಳಿದ್ರೆ ಬಿಸಿಲು ಬಂದ ಮೊದಲನೇ ವಾರಾನೇ ಹೋಗಿ ಬಂದ್ಬಿಡ್ತಿದ್ವಿ ಕಣೇ. ಆಮೇಲೆ ನೀನು ಭಾನುವಾರ ಭಾನುವಾರ ಬರ್ತಿದ್ಯಾ?"

ಆದಕಾರಣ ಮೇಲೆ ಬರೆದ ಕೋರಿಕೆಗಳನ್ನು ತಾವು ಓದಿಲ್ಲವೆಂದೇ ಭಾವಿಸಿ, ಬಲಕ್ಕೆ ಸರಿಯುವ ಯೋಚನೆ ಏನಾದರೂ ಇದ್ದರೆ ಕೈಬಿಟ್ಟು, ಈಗ ಇರುವಲ್ಲೇ, ಈಗ ಇರುವ ಬದಿಗೇ, ಇನ್ನೂ ಬಹುಕಾಲ ಕೂತಿರಬೇಕಾಗಿ ಪ್ರಾರ್ಥನೆ.

ಇಂತು, ಎಡಬಲದ ವಿಚಾರವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ನಡೀನ್ ಟಾಲಿವರ್

ಮರೆತ ಮಾತು: ನಿನ್ನೆ ಲೈಲ್ ಫೋನು ಮಾಡಿದ್ದ. ಬಲಗಡೆ ಕುಂಬಳಕಾಯಿಯ ಆಕ್ಸಲ್ ಒಂದು ಬಂದಿದೆಯಂತೆ, ಗಾಡಿ ನೆಟ್ಟಗೆ ನಿಂತಿದೆಯಂತೆ, ಈ ಸಲ ತಾನಾಗಿಯೇ ಹೇಳಿದ. ಅಮ್ಮನಿಗೆ ತಿಳಿಸಿದೆ. ಹೋಗಿ ಚೆನ್ನಾಗಿ ಪರೀಕ್ಷೆ ಮಾಡು, ಎಲ್ಲಾದರೂ ಸ್ವಲ್ಪ ಬಾಗಿದ್ದರೆ ತಗೊಂಡು ಬಾ, ಸರಿಯಾಗಿದ್ದರೆ ಬೇಡ ಎಂದಿದ್ದಾರೆ.