ನರಿಯ ಮುಖಕ್ಕೊಂದು ಕುರ್ಚಿ

ಪುಣೆಯ ಕನ್ನಡಿಗರಲ್ಲಿ ನಮ್ಮ ಕಾಕಾನಂಥ ಬೇಟೆಗಾರ ಇನ್ನೊಬ್ಬನಿಲ್ಲ. ಅವರ ಕೈಯಲ್ಲಿ ಈವರೆಗೆ ಜೀವ ಬಿಟ್ಟದ್ದು ಮನೆಯ ಎರಡು ಕುರ್ಚಿ, ಒಂದು ಕೌದಿ. ನರಿಗಳೆಲ್ಲ ಕ್ಷೇಮ. ಅವರ ಹತ್ತಿರ ಬಂದೂಕೂ ಇಲ್ಲ, ಕ್ಯಾಮೆರಾವೂ ಇಲ್ಲ. ನರಿಯ ಮುಖವೊಂದು ಕಂಡರೆ ಸಾಕು.

ಅವರ ಹೆಂಡತಿ, ನಮ್ಮ ಕಾಕುವಿನ ಮೊಣಕಾಲಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ದಿನ ಹತ್ತಿದ ಹುಚ್ಚು ಇದು. ಆಪರೇಷನ್ನಿಗೆ ಮೊದಲು ಬೆಳಗಿನ ಹೊತ್ತು ನರಿಯ ಮುಖ ನೋಡಿದರೆ ಎಲ್ಲವೂ ಸುಸೂತ್ರವಂತೆ.

"ಅದಕ್ಕ ಅಡವಿಗ್ಯಾಕ ಹೋಗ್ತೀರಿ? ಎಲ್ಲಾರ ಹಂಗ ಹಾಸಿಗಿ ಎದುರಿಗೆ ನರಿ ಫೋಟೋ ಹಾಕ್ರಿ," ಎಂದೆ.

"ಫೋಟೋದಾಗಿನ ನರಿ ತಿರುಗಿ ನಮ್ಮನ್ನ ನೋಡತದೇನು?"

ಹಾಗಾಗಿ ಪ್ರತಿ ಭಾನುವಾರ ನಸುಕಿಗೆ, ತಲೆಯ ಮೇಲೆ ಕುರ್ಚಿ ಹೊತ್ತ ನನ್ನ ಕಾರು ಯೆರವಡಾ ಬಿಟ್ಟು ಕುರಕುಂಭದಾಚೆಯ ಹುಲ್ಲುಗಾವಲಿಗೆ ಹೊರಡತೊಡಗಿತು.

ಕೂಡುವ ಶಾಸ್ತ್ರವನ್ನು ಕಾಕಾ ಅರೆದು ಕುಡಿದಿದ್ದರು. ಗಾಳಿ ನಮ್ಮ ಮುಖಕ್ಕೆ ಬೀಸಬೇಕು. ಸೂರ್ಯ ಬೆನ್ನಿಗಿರಬೇಕು. ಪೊದೆಯ ಹಿಂದೆ ಅಡಗಬಾರದು; ಮುಂದೆ, ಅದರ ನೆರಳಿನಲ್ಲಿ ಕೂತರೆ ನಮ್ಮ ಆಕಾರ ಪೊದೆಯೊಳಗೇ ಕರಗುತ್ತದೆ. ಇಷ್ಟೆಲ್ಲ ಬಲ್ಲ ಮನುಷ್ಯ ಸ್ವತಃ ಕೂಡುವುದು ಮಾತ್ರ ಕೈಗಳಿರುವ ಎತ್ತರದ ಕುರ್ಚಿಯಲ್ಲಿ! ಬಯಲಲ್ಲಿ ದರ್ಬಾರು ನಡೆಸಿದ ಹಾಗೆ.

"ಕಾಕಾ, ನೆಲಕ್ಕ ಕೂಡೂಣ್ರಿ. ಹಿಂಗ ಕುಂತ್ರ ನೀವು ಆಚಿ ಊರು ದೌಂಡಿನ ನರಿಗೂ ಕಾಣ್ತೀರಿ."

"ಕುರ್ಚಿ ಬೇಕಪಾ. ಅದನ್ನ ಹೆಂಗ ಮುಚ್ಚೂದು, ಆ ವಿಚಾರ ಮಾಡು."

ಮೊದಲ ಕುರ್ಚಿಯ ಕಾಲು ಹಸಿ ಮಣ್ಣಿನಲ್ಲಿ ಹೂತು ಮುರಿಯಿತು. ಎರಡನೆಯದು ಬೆತ್ತದ್ದು, ಕಾಕಾ ಉಸಿರಾಡಿದರೂ ಕಿರ್ರೆನ್ನುತ್ತಿತ್ತು. ಅದನ್ನು ರಿಪೇರಿ ಮಾಡಲು ಹೋಗಿ ಅವರೇ ಅದರ ಕಥೆ ಮುಗಿಸಿದರು. ಮೂರನೆಯದು ಪ್ಲಾಸ್ಟಿಕ್ಕಿನದು, ಅದರ ಕಾಲಡಿಗೆ ಊಟದ ಮಣೆ ಬಂತು.

ಇನ್ನು ಮರೆ. ಒಣಹುಲ್ಲಿನ ಬಣ್ಣದ ಹಳೇ ಸೀರೆಗಳನ್ನೆಲ್ಲ ಸೇರಿಸಿ ಕಾಕು ಹೊಲಿದಿದ್ದ ಕೌದಿಯನ್ನು ಟ್ರಂಕಿನಿಂದ ನೇರ ತಂದು ಕುರ್ಚಿಯ ಮುಂದೆ ಕೋಲಿಗೆ ಕಟ್ಟಿದೆವು. ಗಾಳಿ ತಿರುಗಿತು. ಡಾಂಬರು ಗುಳಿಗೆಯ ವಾಸನೆಗೆ ನರಿ ಹಾಗಿರಲಿ, ನೊಣವೂ ಸುಳಿಯಲಿಲ್ಲ. ಮುಂದಿನ ವಾರ ಕೌದಿಯನ್ನು ಒಗೆದು, ಅದರ ತುಂಬ ಹಸಿ ಹುಲ್ಲು ಸಿಕ್ಕಿಸಿ ಕೂತೆವು. ಆಡಿನ ಹಿಂಡು ಬಂದು ಹುಲ್ಲಿನ ಜೊತೆ ಅರ್ಧ ಕೌದಿಯನ್ನೂ ಮೇಯ್ದು ಹೋಯಿತು. "ಕಾಕಾ, ರೋಜ್ ಯಾ," ದಿನಾ ಬನ್ನಿ ಎಂದು ಆಡು ಕಾಯುವಾತ ಹಲ್ಲು ಕಿರಿದ.

ಕಾಕು ಇನ್ನೊಂದು ಕೌದಿ ಹೊಲಿದರು. "ಇದನ್ನೂ ಆಡಿಗೆ ಉಣ್ಣಿಸಿ ಬರ್ರಿ. ಉಪ್ಪಿನಕಾಯಿ ಬೇಕಾದ್ರ ಕಟ್ಟಿ ಕೊಡ್ತೀನಿ."

ಆಪರೇಷನ್ನಿಗೆ ಮುಂಚಿನ ಕೊನೆಯ ಭಾನುವಾರ ಕಾರಿನ ಮುಂದಿನ ಸೀಟಿನಲ್ಲಿ ಕಾಕು ಕೂತಿದ್ದರು. ಹುಲ್ಲುಗಾವಲಿನಲ್ಲಿ ಕಾಕಾ ಮಣೆ ಹಾಸಿ, ಕುರ್ಚಿ ಇಟ್ಟು, ಅಲ್ಲಾಡಿಸಿ ನೋಡಿ, "ಕೂಡು," ಎಂದರು. ಕಾಕು ಎರಡೂ ಕೈ ಊರಿ ಮೆಲ್ಲಗೆ ಕೂತರು. ಕಾಕಾ ಪಕ್ಕದಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದರು. ನೆಲಕ್ಕೆ ಕೂಡಲಾರದವರು ಯಾರು, ಕುರ್ಚಿಗೆ ಕೈಗಳಿಲ್ಲದೆ ಏಳಲಾರದವರು ಯಾರು ಎಂಬುದು ನನಗೆ ಹೊಳೆದದ್ದು ಆಗ.

ಅಷ್ಟರಲ್ಲಿ ಕೌದಿಯ ಒಂದು ತುದಿ ಗಾಳಿಗೆ ಬಿಚ್ಚಿತು. ಕಾಕಾ ಮೊಣಕಾಲೂರಿ, ಬಯಲಿಗೆ ಬೆನ್ನು ಮಾಡಿ, ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಆಗಲೇ ಹುಲ್ಲು ಸೀಳಿಕೊಂಡು ನರಿ ಬಂತು. ನಿಂತಿತು. ಕೌದಿಯ ಮೇಲಿಂದ ಕಾಕುವನ್ನೇ ನೋಡಿತು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಅಲುಗಲಿಲ್ಲ. ನರಿ ತನ್ನ ದಾರಿ ಹಿಡಿಯಿತು.

"ನೋಡಿದ್ರೇನ್ರಿ?" ಕಾಕು ಬಾಯಿಂದ ಸೆರಗು ಸರಿಸಿದರು.

"ಎಲ್ಲಿ? ನಾ ನಿನ್ನ ಮುಖಾ ನೋಡ್ಲಿಕ್ಹತ್ತಿದ್ದೆ."

"ಅಂದ್ರ ನಾನ ನರಿ ಅಂತೀರೇನು?"

"ಇಷ್ಟು ವರ್ಷ ದಿನಾ ಮುಂಜಾನೆ ಇದ ಮುಖಾ ನೋಡೇ ಎದ್ದೀನಿ. ನನಗೇನು ಕಡಿಮಿ ಆಗ್ಯದ?"

ನಾನು ಕೈ ಚಾಚುವ ಮೊದಲೇ ಕಾಕು ಕುರ್ಚಿಯ ಕೈಗಳನ್ನು ಒತ್ತಿ ಎದ್ದು ನಿಂತರು. ಮೊಣಕಾಲೂರಿದ್ದ ಕಾಕಾಗೇ ಏಳಲಾಗಲಿಲ್ಲ. ಕಾಕು ಕೈ ಕೊಟ್ಟರು.